ಗೋಡೆಗೆ ಏರದ ಕೂಗು

ಈ ಕಥೆಯನ್ನು ಮೊದಲು ಹೇಳುವಂತಿರಲಿಲ್ಲ. ಈಗ ಹೇಳಬಹುದು.

ದೊಡ್ಡ ಕೆರೆಯೊಂದರ ಕೆಳಗೆ ಒಂದು ಊರಿತ್ತು. ಊರಿಗೆ ಎರಡು ಕೇರಿ. ಏರಿಯ ಮಗ್ಗುಲಿಗೆ ಮೇಲುಕೇರಿ, ಕಾಲುವೆಯ ಇಕ್ಕೆಲದ ತಗ್ಗಿನಲ್ಲಿ ಕೆಳಕೇರಿ. ಮೇಲುಕೇರಿಯವರು ಗದ್ದೆ ಮಾಡುತ್ತಿದ್ದರು, ಕೆಳಕೇರಿಯವರು ಬಟ್ಟೆ ನೇಯುತ್ತಿದ್ದರು. ಎರಡು ಕೇರಿಯೂ ಸೇರುವ ಕಡೆ ಊರಿನ ಓದುಮನೆ ಇತ್ತು. ಅದರ ಮೂರು ಗೋಡೆಗೆ ಪುಸ್ತಕ. ನಾಲ್ಕನೆಯದು ಬರಿಯ ಗೋಡೆ, ಉದ್ದನೆಯದು, ಬೆಳ್ಳಗಿನದು. ಊರಿಗೆಲ್ಲ ಆ ಗೋಡೆಯೇ ದೊಡ್ಡದು.

ಒಂದು ಕಾಲದಲ್ಲಿ ನಡೆದದ್ದೊಂದನ್ನೇ ಎರಡು ಕೇರಿಯವರು ಎರಡು ಬಗೆಯಾಗಿ ಹೇಳಿ, ಹೇಳಿದ ಮಾತಿಗೆ ಮಾತು ಬೆಳೆದು, ಹುಲ್ಲಿನ ಬಣವೆಗಳು ಹೊತ್ತಿ ಉರಿದಿದ್ದವಂತೆ. ಆಗ ಹಿರಿಯರು ಕೂತು ಒಂದು ಕಟ್ಟಳೆ ಮಾಡಿದರು. ಗೋಡೆ ಏರಿದ್ದನ್ನು ಹೇಳಬೇಕು. ಗೋಡೆ ಏರದ್ದನ್ನು ಹೇಳಬಾರದು.

ವರ್ಷ ವರ್ಷವೂ ಮಳೆ ಹಿಂದಾಗಿ ಅವರೆ ಹೂ ಬಿಡುವ ಹೊತ್ತಿಗೆ ಆ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಬೇರೆ ಊರಿನವರು ಅದನ್ನು ಪ್ರದರ್ಶನ ಎನ್ನುತ್ತಿದ್ದರು. ಆ ಊರಿನವರು ಗೋಡೆ ಏರಿಸುವುದು ಎನ್ನುತ್ತಿದ್ದರು. ಯಾರಲ್ಲಿ ಊರಿನ ಹಳೆಯ ವಸ್ತುವಿದೆಯೋ ಅವರು ಅದನ್ನು ತರುತ್ತಿದ್ದರು. ಯಾರು ಚಿತ್ರ ಬರೆಸಿದ್ದಾರೋ ಅವರು ಚಿತ್ರ ತರುತ್ತಿದ್ದರು. ಓದುಮನೆಯ ಬೀಗದ ಕೈ ಇಟ್ಟುಕೊಂಡಿದ್ದ ಮುದುಕನನ್ನು ಎಲ್ಲರೂ ಕೀಲಿಯಜ್ಜ ಎನ್ನುತ್ತಿದ್ದರು. ಅವನು ತಂದದ್ದನ್ನು ಹಿಡಿದು ಏಣಿ ಹತ್ತಿ ನಿಂತು, ಕೆಳಗೆ ಸೇರಿದ ಎರಡು ಕೇರಿಯವರನ್ನೂ ಕೇಳುತ್ತಿದ್ದ.

“ಇದು ನಮ್ಮದೇ?”

ಜನ “ನಮ್ಮದೇ” ಎನ್ನಬೇಕು. ಮೂರು ಸಲ ಕೇಳಬೇಕು, ಮೂರು ಸಲ ಎಲ್ಲರೂ ಎನ್ನಬೇಕು. ಆಗ ಮೊಳೆ ಬೀಳುತ್ತಿತ್ತು. ಅಷ್ಟು ಜನರಲ್ಲಿ ಒಬ್ಬರು “ಅಲ್ಲ” ಎಂದರೂ ತಂದದ್ದು ಕೆಳಗಿಳಿಯುತ್ತಿತ್ತು. ಯಾಕೆ ಅಲ್ಲ ಎಂದು ಕೇಳುವಂತಿಲ್ಲ. ಹೇಳುವಂತೆಯೂ ಇಲ್ಲ. ಕಾರಣ ಹೇಳಹೊರಟರೆ ಗೋಡೆ ಏರದ್ದನ್ನು ಹೇಳಿದಂತಾಯಿತಲ್ಲ.

ಹೀಗೆ ಗೋಡೆಯ ಮೇಲೆ ಸೂಲಗಿತ್ತಿಯೊಬ್ಬಳ ಕುಡುಗೋಲಿತ್ತು. ಸಿಹಿನೀರಿನ ಬಾವಿ ತೋಡಿದವರ ಚಿತ್ರವಿತ್ತು. ಬಾಗಿದ ಒಂದು ತಕ್ಕಡಿ, ತೂತು ಬಿದ್ದ ಒಂದು ತಮಟೆ, ಮೊದಲ ಪಾಠ ಹೇಳಿದ ಉಪಾಧ್ಯಾಯರ ಚಿತ್ರ. ಎಲ್ಲದಕ್ಕೂ ಒಂದೊಂದು ಕಥೆ, ಎಲ್ಲ ಕಥೆಯೂ ಎಲ್ಲರ ಬಾಯಲ್ಲಿ. ಕಟ್ಟಳೆಯಿಂದ ಊರಿಗೆ ನೆಮ್ಮದಿಯೂ ಇತ್ತು. ಅಲ್ಲಿಂದ ಮುಂದೆ ಯಾವ ಬಣವೆಯೂ ಸುಡಲಿಲ್ಲ.

ಆದರೆ ಗೋಡೆಯ ಮೇಲೆ ಒಂದು ದಿನದ ಗುರುತು ಇರಲಿಲ್ಲ. ಕೆರೆ ತುಂಬಿ ಏರಿ ಜರಿಯತೊಡಗಿದ ದಿನ ಅದು. ಏರಿ ಒಡೆದಿದ್ದರೆ ಎರಡು ಕೇರಿಯೂ ಇರುತ್ತಿರಲಿಲ್ಲ. ಕೆರೆಯ ನೀರು ಕಾಯುವ ನೀರುಗಂಟಿ ಸೊಂಟಕ್ಕೆ ಹಗ್ಗ ಬಿಗಿದು ನೀರಿಗಿಳಿದು ದೊಡ್ಡ ತೂಬು ಕಿತ್ತ. ಏರಿ ನಿಂತಿತು. ನೀರೆಲ್ಲ ಕಾಲುವೆ ಹಿಡಿದು ಹೋಗಿ ಕೆಳಕೇರಿ ಮುಳುಗಿತು. ಕೆಳಕೇರಿಯವರು ಕೆಲವು ಕಾಲ ನೆಂಟರ ಊರುಗಳಲ್ಲಿದ್ದು, ನೀರಿಳಿದ ಮೇಲೆ ಬಂದು ಮತ್ತೆ ಮನೆ ಕಟ್ಟಿದರು, ಮಗ್ಗ ಹೂಡಿದರು.

ಆ ದಿನವನ್ನು ಗೋಡೆಗೆ ತರಲು ಯಾರೂ ಮುಂದಾಗಲಿಲ್ಲ. ಹಾಗಾಗಿ ಆ ದಿನದ ಮಾತು ಇಲ್ಲ. ಆ ದಿನದ ಮಾತಿಲ್ಲ ಎಂದ ಮೇಲೆ ನೀರುಗಂಟಿಯ ಮಾತೂ ಇಲ್ಲ. ಅವನ ಹೆಸರನ್ನೆತ್ತಿದರೆ ಆ ದಿನವನ್ನು ಎತ್ತಿದ ಹಾಗೆ. ಜನ ಅವನಿಗೆ ಕೇಡು ಮಾಡಲಿಲ್ಲ. ಎದುರಿಗೆ ಬಂದರೆ ದಾರಿ ಬಿಟ್ಟರು. ಅಂಗಡಿಯಲ್ಲಿ ಅವನು ಕೈ ತೋರಿಸಿದ್ದನ್ನು ಕಟ್ಟಿ ಕೊಟ್ಟರು. ಆದರೆ ಯಾರೂ ಅವನನ್ನು ಕರೆಯಲಿಲ್ಲ. ಕೆಳಕೇರಿಯಲ್ಲಿ ಯಾರು ಉಳಿದರು, ಯಾರು ಹೋದರು ಎಂದು ಯಾರೂ ಅವನಿಗೆ ಹೇಳಲಿಲ್ಲ. ಅವನೂ ಆ ಕೇರಿಗೆ ಕಾಲಿಡಲಿಲ್ಲ. ಅಲ್ಲಿಯವರು ಏರಿಯ ಮೇಲೆ ಬಂದರೆ ಆಚೆ ಬದಿಯಿಂದ ಇಳಿದು ಹೋಗುತ್ತಿದ್ದ.

ಅವನು ಮದುವೆಯಾಗಲಿಲ್ಲ. ಗಂಡ ತೀರಿದ ಮೇಲೆ ತವರಿಗೆ ಬಂದ ಅವನ ಅಕ್ಕ ಅವನಿಗೆ ಅಡುಗೆ ಮಾಡಿ ಹಾಕುತ್ತಿದ್ದಳು. ಕಟ್ಟಳೆ ಮನೆಯೊಳಗೂ ಕಟ್ಟಳೆಯೇ. ಊಟದ ಹೊತ್ತಿಗೆ ಅವಳು ಸೌಟಿನಿಂದ ತಟ್ಟೆ ಬಡಿಯುತ್ತಿದ್ದಳು, ಅವನು ಬಂದು ಕೂರುತ್ತಿದ್ದ. ಹೀಗೆಯೇ ಇಬ್ಬರ ತಲೆಯೂ ಹಣ್ಣಾಯಿತು.

ಒಂದು ದಿನ ದಾರಿಹೋಕನೊಬ್ಬ ಏರಿಯ ಮೇಲೆ ಹೋಗುತ್ತಾ ನೀರುಗಂಟಿಯನ್ನು ನಿಲ್ಲಿಸಿ, ಯಜಮಾನರೇ, ತಮ್ಮ ಹೆಸರೇನು ಎಂದು ಕೇಳಿದ. ನೀರುಗಂಟಿ ಬಾಯಿ ತೆರೆದ. ಬಹಳ ಹೊತ್ತು ಯೋಚಿಸಿದ. ಆಮೇಲೆ ಬಾಯಿ ಮುಚ್ಚಿ ಕೆರೆಯ ನೀರಿನ ಕಡೆಗೆ ಕೈ ತೋರಿಸಿದ. ಅಕ್ಕ ಏರಿಯ ಬುಡದಲ್ಲಿ ಬಟ್ಟೆ ಒಗೆಯುತ್ತಿದ್ದವಳು ಇದನ್ನು ನೋಡಿದಳು. ಒಗೆಯುವ ಬಟ್ಟೆ ಕೈಯಲ್ಲೇ ಉಳಿಯಿತು. ಇವನು ತನ್ನ ಹೆಸರನ್ನೇ ಮರೆತಿದ್ದಾನೆ ಎಂದುಕೊಂಡಳು. ಗೋಡೆ ಏರದವನು ಸತ್ತರೆ ಅವನ ಹೆಸರು ಹಿಡಿದು ಅಳುವಂತೆಯೂ ಇರಲಿಲ್ಲ.

ಮರುದಿನ ಅವಳು ತಮ್ಮನ ಹಳೆಯ ರುಮಾಲೊಂದನ್ನು ಮಡಿಸಿಕೊಂಡು ಊರಿನ ಚಿತ್ರಗಾರನ ಮನೆಗೆ ಹೋದಳು. ಬಾಯಿ ಬಿಡುವಂತಿಲ್ಲ. ರುಮಾಲನ್ನು ಅವನ ಮುಂದಿಟ್ಟು ಏರಿಯ ಕಡೆ ಬೆರಳು ತೋರಿಸಿದಳು. ಚಿತ್ರಗಾರ ಮೇಲುಕೇರಿಯವನು, ಆ ದಿನ ಚಿಕ್ಕವನಾಗಿದ್ದವನು. ಅವನಿಗೆ ತಿಳಿಯಿತು. ಚಿತ್ರ ಬರೆಯಬಾರದು ಎಂದು ಕಟ್ಟಳೆಯಲ್ಲಿ ಇಲ್ಲ, ಹೇಳಬಾರದು ಎಂದಷ್ಟೇ ಇದೆ ಎಂದು ಅವಳಿಗೆ ಸಮಾಧಾನ ಹೇಳಿದ.

ಅವನು ಮನಸ್ಸಿಟ್ಟು ಬರೆದ. ಕಪ್ಪನೆಯ ನೀರು, ತೂಬಿನ ಕಲ್ಲು, ಅದರ ಮೇಲೆ ಸೊಂಟಕ್ಕೆ ಹಗ್ಗ ಬಿಗಿದ ಆಳೆತ್ತರದ ಮನುಷ್ಯ. ಅವನ ಬೆನ್ನ ಹಿಂದೆ ಮೇಲುಕೇರಿಯ ಬೆಳ್ಳನೆಯ ಗೋಡೆಗಳು, ಒಂದೊಂದು ಮನೆಯ ಮೇಲೂ ಅಡುಗೆಯ ಹೊಗೆ. ಅಕ್ಕ ಚಿತ್ರ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವರೆ ಹೂ ಬಿಟ್ಟಿತು. ಗೋಡೆಗೆ ಸುಣ್ಣ ಬಳಿದರು. ಎರಡು ಕೇರಿಯೂ ಓದುಮನೆಯಲ್ಲಿ ಸೇರಿತು. ಕೀಲಿಯಜ್ಜ ಚಿತ್ರ ಎತ್ತಿ ಹಿಡಿದ. ಇದು ನಮ್ಮದೇ ಎಂದು ಅಜ್ಜ ಕೇಳಿದ. ನಮ್ಮದೇ ಎಂದರು. ಮತ್ತೆ ಕೇಳಿದ. ನಮ್ಮದೇ ಎಂದರು. ಮೂರನೆಯ ಸಲ ಕೇಳಿದಾಗ ಹಿಂದಿನ ಸಾಲಿನಿಂದ ಒಂದು ದನಿ ಬಂತು.

“ಅಲ್ಲ.”

ಅದು ಕೆಳಕೇರಿಯ ನೇಯುವವಳೊಬ್ಬಳ ದನಿ. ಆ ದಿನದ ನೀರಿನಲ್ಲಿ ಅವಳ ಗಂಡ ಹೋಗಿದ್ದ. ಅದಷ್ಟು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡಿರಲಿಲ್ಲ. ಅಂದಿನಿಂದ ಒಬ್ಬಳೇ ಮಗ್ಗ ಹೂಡಿಕೊಂಡು ಬದುಕಿದವಳು. ಚಿತ್ರ ಕೆಳಗಿಳಿಯಿತು. ಅಜ್ಜ ಅದನ್ನು ಪುಸ್ತಕಗಳ ಹಿಂದೆ, ಮುಖ ಗೋಡೆಗೆ ಮಾಡಿ ಇಟ್ಟ.

ಇಷ್ಟು ವರ್ಷವಾದರೂ ಇವಳ ಸಿಟ್ಟು ಆರಲಿಲ್ಲವಲ್ಲ ಎಂದು ಅಕ್ಕ ಅಂದುಕೊಂಡಳು. ನನ್ನ ತಮ್ಮ ಬೇಕೆಂದು ಕೊಂದನೇ ಎಂದು ಕೇಳಬೇಕು ಅನ್ನಿಸಿತು. ದಡದಡನೆ ನಡೆದು ನೇಯುವವಳ ಮನೆಯ ಬಾಗಿಲಿಗೆ ಹೋದಳು. ಹೋಗಿ ನಿಂತ ಮೇಲೆ ಕಟ್ಟಳೆ ನೆನಪಾಯಿತು. ಕೇಳುವಂತಿಲ್ಲ, ಹೇಳುವಂತಿಲ್ಲ. ಬಂದ ಸಿಟ್ಟು ಬಾಗಿಲಲ್ಲೇ ನಿಂತಿತು.

ನೇಯುವವಳು ಮಗ್ಗದಿಂದ ತಲೆಯೆತ್ತಿ ನೋಡಿದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನೂಲಿನ ಲಡಿಯೊಂದನ್ನೂ, ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವ ರಾಟೆಯನ್ನೂ ಅವಳ ಕಡೆ ತಳ್ಳಿದಳು. ಅಕ್ಕ ಕೂತು ಸುತ್ತಿದಳು. ಸಂಜೆಯವರೆಗೂ ಸುತ್ತಿ ಎದ್ದು ಹೋದಳು.

ಮರುದಿನವೂ ಹೋದಳು. ಯಾಕೆ ಹೋದೆ ಎಂದು ಅವಳಿಗೇ ತಿಳಿಯಲಿಲ್ಲ. ಬಯ್ಯಲು ಹೋದವಳು ದಿನದಿನವೂ ನೂಲು ಸುತ್ತಿ ಬಂದಳು. ಅವರಿಬ್ಬರೂ ನೂಲಿನ ಮಾತಾಡಿದರು, ಬಣ್ಣದ ಮಾತಾಡಿದರು, ಮಂಡಿನೋವಿನ ಮಾತಾಡಿದರು, ಸೂಲಗಿತ್ತಿಯ ಕುಡುಗೋಲಿನ ಕಥೆ ಹೇಳಿಕೊಂಡರು. ಆ ದಿನದ ಹತ್ತಿರ ಬಂದಾಗೆಲ್ಲ ಮಾತು ನಿಲ್ಲುತ್ತಿತ್ತು. ಮಗ್ಗದ ಸದ್ದು, ರಾಟೆಯ ಸದ್ದು. ಬೇಸಿಗೆ ಹೋಯಿತು. ಮಳೆ ಬಂತು.

ಒಂದು ಮಧ್ಯಾಹ್ನ ಮಳೆ ಜೋರಾಯಿತು. ಹೆಂಚಿನ ಮೇಲೆ ಕಲ್ಲು ಸುರಿದ ಹಾಗೆ ಸದ್ದು. ಲಾಳಿ ಎಸೆಯುತ್ತಿದ್ದ ನೇಯುವವಳ ಕೈ ನಿಂತಿತು. ಅವಳು ಮಗ್ಗದ ಗುಂಡಿಯಿಂದ ಮೇಲೆದ್ದು ಹೊಸಿಲು ದಾಟಿ ಮಳೆಯಲ್ಲಿ ನಿಂತಳು. ಆಮೇಲೆ ತನ್ನ ಮನೆಯ ಬಾಗಿಲನ್ನೇ ಹೊರಗಿನಿಂದ ಎರಡೂ ಅಂಗೈಯಲ್ಲಿ ದಬದಬನೆ ಬಡಿದಳು. ಬಡಿದು ಅಕ್ಕನ ಮುಖ ನೋಡಿದಳು. ಅಕ್ಕನಿಗೆ ಅರ್ಥವಾಗಲಿಲ್ಲ. ನೇಯುವವಳು ಮತ್ತೆ ಬಡಿದಳು. ಆಗಲೂ ಅಕ್ಕನಿಗೆ ಅರ್ಥವಾಗದಿದ್ದಾಗ ಅವಳ ಕೈ ಹಿಡಿದು ಎಬ್ಬಿಸಿ, ಗೋಣಿಯೊಂದನ್ನು ಇಬ್ಬರ ತಲೆಯ ಮೇಲೂ ಹಿಡಿದು, ಚಿತ್ರಗಾರನ ಮನೆಗೆ ಕರೆದುಕೊಂಡು ಹೋದಳು.

ಚಿತ್ರಗಾರನ ಜಗಲಿಯ ಮೇಲೆ ಇದ್ದಿಲು ಬಿದ್ದಿತ್ತು. ನೇಯುವವಳು ಅದನ್ನೆತ್ತಿಕೊಂಡು ನೆಲದ ಮೇಲೆ ಬರೆಯತೊಡಗಿದಳು. ಅವಳಿಗೆ ಬಟ್ಟೆಯ ಅಂಚು ಬಿಟ್ಟರೆ ಬೇರೇನೂ ಬರೆದು ಗೊತ್ತಿಲ್ಲ. ಎರಡು ಗೆರೆ ಎಳೆದಳು, ಅದು ಕೇರಿಯಾಯಿತು. ಅಡ್ಡಡ್ಡ ಗೆರೆ ಎಳೆದಳು, ಅವು ಬಾಗಿಲಾದವು. ಒಂದು ಬಾಗಿಲಿಗೆ ಕೈಯಿಟ್ಟ ಒಬ್ಬ ಮನುಷ್ಯನನ್ನು ಬರೆದಳು. ಅವನ ತಲೆಗೆ ರುಮಾಲು, ಬಾಯಿ ದೊಡ್ಡದಾಗಿ ತೆರೆದಿತ್ತು.

ಅಕ್ಕ ನೋಡಿದಳು. ತಮ್ಮ ತೂಬು ಕೀಳುವ ಮೊದಲು ಕೆಳಕೇರಿಗೆ ಓಡಿ ಬಂದು ಬಾಗಿಲು ಬಡಿದು ಕೂಗಿದ್ದ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಮೇಲುಕೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರಿಗೆ ಯಾರು ಹೇಳಬೇಕಿತ್ತು?

ಚಿತ್ರಗಾರ ತಲೆಯಾಡಿಸಿ ಏಳಹೋದ. ನೇಯುವವಳು ಅವನ ಕೈ ಹಿಡಿದು ಕೂರಿಸಿದಳು. ಇನ್ನೂ ಮುಗಿದಿರಲಿಲ್ಲ. ಕೇರಿಯ ನಡುವೆ ಒಂದು ಬೇವಿನ ಮರ ಬರೆದಳು. ರುಮಾಲಿನವನನ್ನು ಮರದ ಹತ್ತಿರ ಇನ್ನೊಂದು ಸಲ ಬರೆದಳು, ಈಗ ಅವನ ಮುಖ ಏರಿಯ ಕಡೆಗೆ ತಿರುಗಿತ್ತು. ಆಮೇಲೆ ಮರದ ಆಚೆಗೆ ಮತ್ತೊಬ್ಬನನ್ನು ಬರೆದಳು. ಅವನಿಗೆ ರುಮಾಲಿಲ್ಲ. ಅವನ ಬಾಯಿಯೂ ದೊಡ್ಡದಾಗಿ ತೆರೆದಿತ್ತು. ಅವನ ಬೆನ್ನ ಮೇಲೆ ಮುದುಡಿಕೊಂಡ ಸಣ್ಣದೊಂದು ಆಕಾರ ಬರೆದು, ಅದಕ್ಕೆ ಬಿಳಿಯ ತುರುಬೊಂದನ್ನು ಬಿಟ್ಟು, ಇದ್ದಿಲು ಕೆಳಗಿಟ್ಟಳು.

ಅಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಇವಳು ಅಲ್ಲ ಎಂದದ್ದು ಸಿಟ್ಟಿನಿಂದಲ್ಲ, ಆ ಮೊದಲ ಚಿತ್ರದಲ್ಲಿ ಇವಳ ಗಂಡ ಇರಲಿಲ್ಲ, ಇವಳ ಕೇರಿಯೇ ಇರಲಿಲ್ಲ ಎಂದು ಆಗ ತಿಳಿಯಿತು. ಇಬ್ಬರೂ ಅತ್ತರು. ಅಳುವುದಕ್ಕೆ ಕಟ್ಟಳೆಯಲ್ಲಿ ಅಡ್ಡಿ ಇರಲಿಲ್ಲ.

ಚಿತ್ರಗಾರ ನೆಲದ ಮೇಲಿದ್ದ ಹಾಗೆಯೇ ಬರೆದ. ಎಲ್ಲಿ ನೀರು ಎಂದು ನೀಲಿ ಬಣ್ಣ ತೋರಿಸಿ ಕೇಳಿದಾಗ ನೇಯುವವಳು ಹೊಸಿಲುಗಳ ಕೆಳಗೆ ಬೆರಳಿಟ್ಟಳು. ಅಲ್ಲಿ ಸಣ್ಣಗೆ ಒಂದು ನೀಲಿ ಗೆರೆ ಎಳೆದ, ಅಷ್ಟೇ. ತೂಬಿಲ್ಲ, ಏರಿಯಿಲ್ಲ, ಮೇಲುಕೇರಿಯ ಬೆಳ್ಳನೆಯ ಗೋಡೆಗಳೂ ಇಲ್ಲ.

ಮತ್ತೆ ಅವರೆ ಹೂ ಬಿಟ್ಟಿತು, ಮತ್ತೆ ಗೋಡೆಗೆ ಸುಣ್ಣ ಬಿತ್ತು. ಚಿತ್ರ ಮೇಲೇರಿದಾಗ ಕೆಳಕೇರಿಯ ಮುದುಕ ಮುದುಕಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡರು. ಅವರಿಗೆ ಆ ಬಾಗಿಲುಗಳ ಗುರುತು ಹತ್ತಿತ್ತು. ಇದು ನಮ್ಮದೇ ಎಂದು ಅಜ್ಜ ಕೇಳಿದ. ಕೆಳಕೇರಿಯವರು ನಮ್ಮದೇ ಎಂದರು. ಮೇಲುಕೇರಿಯವರ ಬಾಯಿ ಏಳಲಿಲ್ಲ.

ಅವರು ಅಲ್ಲ ಎನ್ನಲೂ ಇಲ್ಲ. ಸುಮ್ಮನೆ ನೆಲ ನೋಡಿದರು. ಬೇರೆಯವರ ಬಾಗಿಲಿಗೆ ಬಂದ ನೀರು ಅದು. ಅದನ್ನು ನಮ್ಮದು ಎಂದರೆ ತಮ್ಮ ಗೋಡೆ ಒಣಗಿಯೇ ಉಳಿದದ್ದು ಯಾರಿಂದ ಎಂಬುದನ್ನೂ ಒಪ್ಪಿದ ಹಾಗೆ. ಹಿಂದಿನ ಚಿತ್ರಕ್ಕೆ ನಮ್ಮದೇ ಎನ್ನುವುದು ಸುಲಭವಿತ್ತು. ಅಜ್ಜ ಮತ್ತೆ ಕೇಳಿದ. ಅರ್ಧ ಓದುಮನೆ ಮಾತ್ರ ಉತ್ತರ ಕೊಟ್ಟಿತು. ಅಕ್ಕನ ಕೈಯನ್ನು ನೇಯುವವಳು ಗಟ್ಟಿಯಾಗಿ ಹಿಡಿದಿದ್ದಳು.

ಕೀಲಿಯಜ್ಜ ಮೂರನೆಯ ಸಲ ಕೇಳಲಿಲ್ಲ. ಮೆಲ್ಲಗೆ ಏಣಿ ಇಳಿದ. ಬೀಗದ ಕೈ ಹಿಡಿದವನು ಕೇಳುವವನೇ ಹೊರತು ಉತ್ತರ ಕೊಡುವವನಲ್ಲ. ಹಾಗೆಂದೂ ನಡೆದಿರಲಿಲ್ಲ. ಅವನು ಹೋಗಿ ಮೇಲುಕೇರಿಯವರ ನಡುವೆ ನಿಂತುಕೊಂಡ. ಅವನೂ ಆ ಕೇರಿಯವನೇ.

“ಅವತ್ತು ನಮ್ಮನೆ ಹೊಸಿಲು ನೆನೆಯಲಿಲ್ಲ. ಒಲೆಯ ಬೂದಿ ಕೂಡ ಒಣಗಿತ್ತು. ಅದಕ್ಕೇ ಇದು ನಮ್ಮದು” ಎಂದ.

ಗೋಡೆ ಏರದ ಮಾತು ಅದು. ಕಟ್ಟಳೆ ಮುರಿದ ಮಾತು. ಜನ ಬೆಚ್ಚಿದರು. ಆದರೆ ಎಲ್ಲಿಯೂ ಬೆಂಕಿ ಹೊತ್ತಿಕೊಳ್ಳಲಿಲ್ಲ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ನಮ್ಮದೇ ಎಂದಳು, ತನಗೆ ತಾನು ಹೇಳಿಕೊಂಡ ಹಾಗೆ. ಅವಳ ಆಚೆಯವನೂ ಎಂದ. ಆಮೇಲೆ ಕೇರಿಗೆ ಕೇರಿಯೇ ಎಂದಿತು. ಅಜ್ಜ ಅಳುತ್ತಲೇ ಏಣಿ ಹತ್ತಿ, ಮೂರನೆಯ ಸಲ ಕೇಳದೆಯೇ ಮೊಳೆ ಹೊಡೆದ.

ಚಿತ್ರ ನಿಂತ ಮೇಲೆ ಅದರಲ್ಲಿರುವವರ ಹೆಸರು ಹೇಳಬೇಕು. ಇವರು ಯಾರು ಎಂದು ಅಜ್ಜ ಕೇಳಿದ. ಅಕ್ಕ ಗೋಡೆಯ ಹತ್ತಿರ ಹೋಗಿ ರುಮಾಲಿನವನನ್ನು ಮುಟ್ಟಿದಳು. “ಸಣ್ಣೀರ. ನನ್ನ ತಮ್ಮ.” ಇಷ್ಟು ಕಾಲ ನಾಲಿಗೆಯ ಹಿಂದಿದ್ದ ಹೆಸರು ಹೊರಗೆ ಬಂತು.

ನೇಯುವವಳು ಮುಂದೆ ಬಂದಳು. ಗಂಡನ ಹೆಸರು ಹಿಡಿದು ಹೇಳುವ ವಾಡಿಕೆ ಆ ಕೇರಿಯ ಹೆಂಗಸರಲ್ಲಿ ಇರಲಿಲ್ಲ. ಅವಳು ರುಮಾಲಿಲ್ಲದವನನ್ನು ಮುಟ್ಟಿದಳು. “ಚೌಡಪ್ಪ” ಎಂದಳು. “ನನ್ನ ಯಜಮಾನರು.” ಕೇರಿಯ ಮುದುಕಿಯರು ಅವಳ ತಲೆ ಸವರಿದರು. ಅವಳಿಗೆ ನಗುವೂ ಬಂತು, ನಾಚಿಕೆಯೂ ಬಂತು.

ಆ ವರ್ಷದಿಂದ ಮುಂದಕ್ಕೆ, ಯಾರಾದರೂ ಅಲ್ಲ ಎಂದರೆ ಯಾಕೆ ತಾಯಿ, ಯಾಕಪ್ಪ ಎಂದು ಕೇಳುವ ರೂಢಿ ಬಂತು. ಕೇಳಿ, ಹೇಳಿದ್ದನ್ನು ಕೂತು ಆಲಿಸಿ, ಚಿತ್ರವನ್ನು ಮತ್ತೆ ಬರೆಸುತ್ತಾರೆ. ಕೆಲವಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ.

ಆದರೆ ಚಿತ್ರ ಗೋಡೆ ಏರಿದ ದಿನ ಸಣ್ಣೀರ ಓದುಮನೆಗೆ ಬಂದಿರಲಿಲ್ಲ. ಅವನು ಎಂದೂ ಬರುತ್ತಿರಲಿಲ್ಲ. ತೂಬಿನ ಕಲ್ಲಿನ ಮೇಲೆ ಕೂತಿದ್ದ. ನೇಯುವವಳು ಓದುಮನೆಯಿಂದ ನೇರವಾಗಿ ಏರಿಯ ಕಡೆಗೆ ನಡೆದಳು. ಹಿಂದೆ ಬಂದ ಜನ ಏರಿಯ ಬುಡದಲ್ಲೇ ನಿಂತರು. ಕೆಳಕೇರಿಯವಳು ಬರುವುದನ್ನು ಕಂಡು ಸಣ್ಣೀರ ಯಾವಾಗಿನಂತೆ ಎದ್ದು ಆಚೆ ಬದಿಗೆ ಇಳಿಯಹೊರಟ.

“ಸಣ್ಣೀರಣ್ಣ” ಎಂದಳು.

ಅವನು ನಿಲ್ಲಲಿಲ್ಲ. ಅವಳು ಮತ್ತೆ ಕರೆದಳು. ಅವನು ನಿಂತು, ಬೇರೆ ಯಾರನ್ನಾದರೂ ಕರೆಯುತ್ತಿದ್ದಾಳೇನೋ ಎಂಬಂತೆ ಅತ್ತ ಇತ್ತ ನೋಡಿದ. ಏರಿಯ ಮೇಲೆ ಬೇರೆ ಯಾರೂ ಇರಲಿಲ್ಲ.

“ನಿನ್ನನ್ನೇ ಅಣ್ಣ. ಅವತ್ತು ನೀನು ಕೂಗಿದ್ದು ನಮಗೆ ಕೇಳಿಸಿತ್ತು. ಅದನ್ನ ಹೇಳೋಕೆ ಬಂದೆ.”

ಅವನ ತುಟಿ ಅಲ್ಲಾಡಿತು. ದನಿ ಹೊರಡಲು ಹೊತ್ತು ಹಿಡಿಯಿತು.

“ಎಲ್ಲಿ ತನಕ ಕೇಳಿಸಿತು?”

“ಕೊನೇ ಮನೆ ತನಕ.”

ಇಲ್ಲ ಎಂದು ಅವನು ತಲೆಯಾಡಿಸಿದ. ತಾನು ಕೊನೆಯ ಮನೆಯವರೆಗೆ ಬರಲಿಲ್ಲ, ಬೇವಿನ ಮರದ ಹತ್ತಿರವೇ ತಿರುಗಿಬಿಟ್ಟೆ ಎಂದ. ಏರಿ ಜರಿಯುವ ಸದ್ದು ಕೇಳುತ್ತಿತ್ತು, ಇನ್ನು ನಿಂತರೆ ಯಾರೂ ಉಳಿಯುವುದಿಲ್ಲ ಅನ್ನಿಸಿತು. ಮರದ ಆಚೆಯ ಬಾಗಿಲುಗಳನ್ನು ಬಡಿಯಲಿಲ್ಲ. ಕೊನೆಯ ಮನೆಯಲ್ಲಿ ಕಿವುಡಜ್ಜಿಯೊಬ್ಬಳಿದ್ದಳು, ಅವಳು ಮಲಗಿದ್ದ ಮಂಚ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ ಎಂದ. ಇಷ್ಟನ್ನೂ ಒಡೆದ ದನಿಯಲ್ಲಿ, ನಡುನಡುವೆ ನಿಲ್ಲಿಸಿ ಹೇಳಿದ.

“ನೀನು ಬರಲಿಲ್ಲ. ನಿನ್ನ ಕೂಗು ಬಂತು” ಎಂದಳು ನೇಯುವವಳು. “ನೀನು ತಿರುಗಿದ್ದು ನೋಡಿ ನಮ್ಮ ಯಜಮಾನರು ಅದೇ ಕೂಗು ಎತ್ತಿಕೊಂಡು ಮುಂದಕ್ಕೆ ಓಡಿದರು. ಕಿವುಡಜ್ಜಿನ ಅವರೇ ಹೊತ್ತುಕೊಂಡು ಬಂದರು.”

“ಅಜ್ಜಿ ಉಳಿದಳಾ?”

“ಉಳಿದಳು. ಆಮೇಲೆ ಎಷ್ಟೋ ವರ್ಷ ನಮ್ಮನೇಲೇ ಇದ್ದಳು. ಕಂಬಳಿ ಬಿಟ್ಟು ಬಂದಿರಿ ಅಂತ ಸಾಯೋ ತನಕ ಬಯ್ದಳು.”

ಸಣ್ಣೀರ ಮುಖ ಮುಚ್ಚಿಕೊಂಡ. ಅವನ ಹೆಗಲುಗಳು ಕುಲುಕುತ್ತಿದ್ದವು. ನಗುತ್ತಿದ್ದಾನೋ ಅಳುತ್ತಿದ್ದಾನೋ ಬುಡದಲ್ಲಿ ನಿಂತವರಿಗೆ ತಿಳಿಯಲಿಲ್ಲ. ಆಮೇಲೆ ಕೈ ತೆಗೆದು, ನಿನ್ನ ಯಜಮಾನರು ಎಂದು ಕೇಳಿದ. ಇನ್ನೂ ಯಾರಾದರೂ ಇದ್ದಾರೇನೋ ಎಂದು ನೋಡಲು ಇನ್ನೊಂದು ಸಲ ಹೋದವರು ಬರಲಿಲ್ಲ, ಕೇರಿಯಲ್ಲಿ ತೀರಿಕೊಂಡವರು ಅವರೊಬ್ಬರೇ ಎಂದು ಅವಳು ಹೇಳಿದಳು. ಹೇಳಿ ತೂಬಿನ ಕಲ್ಲಿನ ಒಂದು ತುದಿಯಲ್ಲಿ ಕೂತಳು.

“ಅವರ ವಿಷಯ ಮಾತಾಡೋಕೆ ನನಗೂ ಯಾರೂ ಇರಲಿಲ್ಲ ಅಣ್ಣ. ನೀನು ಅವರನ್ನ ನೋಡಿದ್ದೆಯಲ್ಲ?”

ನೋಡಿದ್ದೆ ಎಂದ ಸಣ್ಣೀರ. ಕಲ್ಲಿನ ಇನ್ನೊಂದು ತುದಿಯಲ್ಲಿ ತಾನೂ ಕೂತ. ಕಾಲುವೆಯಲ್ಲಿ ನೂಲು ತೊಳೆಯಲು ಬರುತ್ತಿದ್ದರು, ನೀರು ಕಡಿಮೆ ಬಿಟ್ಟರೆ ಜಗಳಕ್ಕೆ ಬರುತ್ತಿದ್ದರು, ಜಗಳ ಮುಗಿದ ಮೇಲೆ ಎಲೆ ಅಡಿಕೆ ಕೊಡುತ್ತಿದ್ದರು ಎಂದು ಒಂದೊಂದಾಗಿ ನೆನೆಸಿಕೊಂಡು ಹೇಳತೊಡಗಿದ. ಹೇಳುತ್ತಾ ಹೇಳುತ್ತಾ ದನಿ ತಿಳಿಯಾಯಿತು. ಬುಡದಲ್ಲಿದ್ದ ಜನ ಮೆಲ್ಲಗೆ ತಮ್ಮ ತಮ್ಮ ಮನೆಯ ಕಡೆ ಹೋದರು.

ಅಕ್ಕ ಮನೆಗೆ ಹೋಗಿ ಇಬ್ಬರಿಗೂ ಅನ್ನ ಸಾರು ಕಟ್ಟಿಕೊಂಡು ಏರಿ ಹತ್ತಿದಳು. ಬಿಸಿಲು ಇಳಿಯುತ್ತಿತ್ತು. ಅವಳ ತಮ್ಮ ಮಾತಾಡುತ್ತಿದ್ದ. ಕೈ ಬೀಸಿ ಬೀಸಿ, ನಡುವೆ ನಕ್ಕು, ಮಾತಾಡುತ್ತಿದ್ದ. ಅಕ್ಕ ದೂರದಲ್ಲೇ ನಿಂತಳು. ಮಾತು ಮುಗಿಯಲಿ, ಆಮೇಲೆ ಬಡಿಸೋಣ ಎಂದು ಬುತ್ತಿಯನ್ನು ಕಂಕುಳಿಗೆ ಒತ್ತಿಕೊಂಡು ಕಾದಳು. ಮಾತು ಮುಗಿಯಲಿಲ್ಲ. ಅನ್ನ ಆರುತ್ತಾ ಬಂತು. ಆರಲಿ ಬಿಡು ಎಂದುಕೊಂಡು ಅಲ್ಲೇ ಹುಲ್ಲಿನ ಮೇಲೆ ಕಾಲು ಚಾಚಿ ಕೂತಳು.